ಕಾಗದದ ಬಾಳೆಕಂಬಗಳು

"ವಸುಧಾ, ಬರುವ ಶನಿವಾರದ ಔತಣದಲ್ಲಿ ನೀನು ಒಂದು ಚಮಚವನ್ನೂ ಎತ್ತಕೂಡದು! ಸಮಸ್ತವೂ ನನ್ನ ಹೊಣೆ!"

ಕ್ಯಾಲಿಫೋರ್ನಿಯಾದ ಸನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಅನಾನಸು ಹಣ್ಣೊಂದನ್ನು ರಾಜದಂಡದಂತೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದಾಗ, ನನ್ನ ಹೆಂಡತಿ ಆಸ್ಪತ್ರೆಯಿಂದ ಬಂದು ಒಂದು ಕಾಲಿನ ಷೂ ಬಿಚ್ಚಿ, ಇನ್ನೊಂದನ್ನು ಬಿಚ್ಚಲು ಶಕ್ತಿಯಿಲ್ಲದೆ ಕುಳಿತಿದ್ದಳು.

"ಏನು ಅಡುಗೆ ಮಾಡ್ತೀರಿ?"

"ಅಡುಗೆಯೇ ಇಲ್ಲ!"

"ಮತ್ತೆ ಊಟಕ್ಕೆ?"

"ಉಷ್ಣವಲಯ!"

"ರೀ, ಮೊದಲೇ ಸುಸ್ತಾಗಿದೆ. ಹೆದರಿಸಬೇಡಿ."

ಈ ಸಂಭಾಷಣೆಗೆ ಸ್ವಲ್ಪ ವ್ಯಾಖ್ಯಾನ ಅಗತ್ಯ. ವಸುಧಾ ಪಾಲೋ ಆಲ್ಟೋದ ಒಂದು ಆಸ್ಪತ್ರೆಯಲ್ಲಿ ವೈದ್ಯೆ. ನಾನು, ರಘೋತ್ತಮ, ಮೈಸೂರಿನಲ್ಲಿ ಸಾಹಿತ್ಯದ ಎಂ.ಎ. ಮುಗಿಸಿದವನು; ಉಪಮೆಗೂ ರೂಪಕಕ್ಕೂ ಇರುವ ಅಂತರವನ್ನು ನಿದ್ದೆಗಣ್ಣಿನಲ್ಲಿಯೂ ನಿರೂಪಿಸಬಲ್ಲೆ. ಈ ವಿದ್ವತ್ತನ್ನು ಗೌರವಿಸಿ ಅಮೆರಿಕ ನನಗೆ ಒಪ್ಪಿಸಿದ್ದ ಕಾರ್ಯವೆಂದರೆ, ಊರಿನ ಗ್ರಂಥಾಲಯದಲ್ಲಿ ಓದುಗರು ಹಿಂದಿರುಗಿಸಿದ ಪುಸ್ತಕಗಳನ್ನು ಮತ್ತೆ ಕಪಾಟಿಗೆ ಸೇರಿಸುವುದು.

ಆ ಬೇಸಿಗೆಯಲ್ಲಿ, ಅಂದರೆ ಎಂಬತ್ತೇಳರಲ್ಲಿ, ವಸುಧಾಳ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಹಿರಿಯ ಹುದ್ದೆಯೊಂದು ತೆರವಾಗಿತ್ತು. ಅದು ಸಿಕ್ಕರೆ ನಾವು ಈ ಊರಿನಲ್ಲಿಯೇ ನೆಲೆ ನಿಲ್ಲುತ್ತೇವೆ. ಸಿಗದಿದ್ದರೆ ವರ್ಷದಲ್ಲಿ ಅರ್ಧಕಾಲ ಹಿಮದಡಿಯಲ್ಲಿ ಹೂತುಹೋಗಿರುವ ನಾರ್ತ್ ಡಕೋಟಾದ ಪಟ್ಟಣವೊಂದರ ಆಸ್ಪತ್ರೆ ನಮಗಾಗಿ ಬಾಯಿ ತೆರೆದು ಕಾದಿತ್ತು. ನಿರ್ಧಾರ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಲಿಂಡ್‌ಸ್ಟ್ರಾಮ್ ಅವರದು. ಆಕೆಗೆ ವಸುಧಾಳ ಕೈಗುಣದಲ್ಲಿ ಅಪಾರ ಭರವಸೆ. ಸಂದೇಹವಿದ್ದದ್ದು ಅವಳ ದನಿಯಲ್ಲಿ! "ನೀನು ಮಾತಾಡಿದರೆ ನಾನು ಬಗ್ಗಿ ಕಿವಿಗೊಡಬೇಕು. ಹತ್ತು ಜನ ಓಡಾಡುವ ವಾರ್ಡಿನಲ್ಲಿ ನಿನ್ನ ಆಜ್ಞೆ ಯಾರಿಗೆ ಕೇಳೀತು?" ಎಂದಿದ್ದರಂತೆ. ಪ್ರತಿಸ್ಪರ್ಧಿ ವೈದ್ಯನ ದನಿಯೋ, ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡಿಗೂ ಮುಟ್ಟುವಂಥದ್ದು.

"ಮನೆಗೆ ಊಟಕ್ಕೆ ಕರೆಯೋಣ. ಸಡಿಲವಾದ ವಾತಾವರಣದಲ್ಲಿ ನೀನು ಗಟ್ಟಿಯಾಗಿ ನಗುವುದನ್ನೂ ಹರಟುವುದನ್ನೂ ಅವರು ನೋಡಲಿ" ಎಂದು ಸೂಚಿಸಿದವನು ನಾನೇ.

ಆದರೆ ನಾನು ಆಧುನಿಕ ಮನೋಧರ್ಮದವನು. ನಮ್ಮವರ ಮನೆಗೆ ಅಮೆರಿಕನ್ನರು ಬಂದರೆಂದರೆ ಒಂದೋ ಪೂಜೆ, ಇಲ್ಲವೇ ಮದುವೆಯ ಆಲ್ಬಮ್ಮು! ಈ ಜಾಡ್ಯವನ್ನು ನನ್ನ ಹೊಸ್ತಿಲೊಳಗೆ ಬಿಡುವುದಿಲ್ಲವೆಂದು ಪಣ ತೊಟ್ಟೆ. ಗ್ರೋಸರಿ ಅಂಗಡಿಯಲ್ಲಿ ಬಿಲ್ಲಿಗಾಗಿ ನಿಂತಾಗ ಕಣ್ಣಿಗೆ ಬಿದ್ದ ಗೃಹಿಣಿಯರ ಪತ್ರಿಕೆಯೊಂದು ದಾರಿ ತೋರಿತು: ಉಷ್ಣವಲಯದ ಔತಣ, ಒಲೆ ಹಚ್ಚದ ಸುಲಭ ತಿನಿಸು, ಮನೆಯಲ್ಲೇ ಮಾಡಿದ ಅಲಂಕಾರ! ಉಷ್ಣವಲಯದಲ್ಲಿಯೇ ಹುಟ್ಟಿ, ಬೆವರಿ, ಬೆಳೆದ ನನಗೆ ಅದನ್ನು ಪತ್ರಿಕೆಯೊಂದು ಹೇಳಿಕೊಡಬೇಕಾಯಿತೆಂಬ ವಿಪರ್ಯಾಸ ಆಗ ಹೊಳೆಯಲಿಲ್ಲ.

ಪತ್ರಿಕೆಯಲ್ಲಿ ತೆಂಗಿನ ಮರಗಳನ್ನು ಮಾಡಿ ಬಾಗಿಲಲ್ಲಿ ನಿಲ್ಲಿಸಲು ಹೇಳಿತ್ತು. ಕಾರ್ಪೆಟ್ ಅಂಗಡಿಯವರು ಎಸೆಯುವ ಉದ್ದನೆಯ ರಟ್ಟಿನ ಕೊಳವೆಗಳನ್ನು ನಮ್ಮ ಮಂಗಳೂರಿನ ಗೆಳೆಯ ಸರ್ವೋತ್ತಮನ ಸ್ಟೇಷನ್ ವ್ಯಾಗನ್ನಿನಲ್ಲಿ ಹೇರಿಕೊಂಡು ಬಂದೆವು. ಸರ್ವೋತ್ತಮನನ್ನು ಕುಟುಂಬಸಮೇತ ಔತಣಕ್ಕೆ ಆಹ್ವಾನಿಸಿದ್ದೆ. ಆಹ್ವಾನದಲ್ಲಿ ಸ್ನೇಹದ ಪಾಲು ಅರ್ಧ, ಅವನ ಮನೆಯ ಮಡಿಸುವ ಕುರ್ಚಿಗಳ ಪಾಲು ಅರ್ಧ. ಕೊಳವೆಗಳಿಗೆ ನಾನು ಹಸಿರು ಕ್ರೇಪ್ ಕಾಗದ ಸುತ್ತಿ ಎಲೆಗಳನ್ನು ಕತ್ತರಿಸತೊಡಗಿದಾಗ ಅವನು ಬೆರಗಾಗಿ ನೋಡಿದ.

"ಇದೆಲ್ಲ ನೀವೇ ಮಾಡುದಾ? ನಿಮಗೆ ಇಂಥದ್ದರಲ್ಲಿ ಆಸಕ್ತಿ ಉಂಟು ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ರೆ!"

"ಎಲ್ಲರಿಗೂ ಒಂದು ಕಾಲ ಬರುತ್ತದೆ, ಸರ್ವೋತ್ತಮ" ಎಂದೆ, ಗಂಭೀರವಾಗಿ. ಅವನು ಅದಕ್ಕಿಂತ ಗಂಭೀರವಾಗಿ ತಲೆದೂಗಿದ. ನನ್ನ ವಿನಾಶದ ಅಂಕುರಾರ್ಪಣೆ ಆದದ್ದು ಆ ಗಳಿಗೆಯಲ್ಲಿ.

ಏಕೆಂದರೆ ಎಲೆಗಳನ್ನು ಕತ್ತರಿಸುತ್ತ ಹೋದಂತೆ, ಅವನ ಕಣ್ಣೆದುರಿಗೇ, ಅವು ತೆಂಗಿನವಾಗದೆ ಬಾಳೆಯವಾದವು. ಆಗಲಿ, ಬಾಳೆಯೂ ಉಷ್ಣವಲಯದ್ದೇ! ಎರಡು ಕಂಬಗಳನ್ನು ನಡುಮನೆಯ ಮೇಜಿನ ಎಡಬಲಕ್ಕೆ ನಿಲ್ಲಿಸಿದೆ. ನಡುವೆ ಬೋಳೆನಿಸಿತು, ಹಸಿರು ಕಾಗದದ ಎಲೆಗಳನ್ನು ದಾರಕ್ಕೆ ಪೋಣಿಸಿ ಅಡ್ಡಲಾಗಿ ಕಟ್ಟಿದೆ. ಮೇಜಿನ ಮಧ್ಯದಲ್ಲಿ ತಾಳೆಮರದ ಭ್ರಮೆ ಹುಟ್ಟಿಸಲು ಅತ್ತೆಯವರು ಕೊಟ್ಟಿದ್ದ ಹಿತ್ತಾಳೆಯ ಚೊಂಬಿಗೆ ಸುತ್ತಲೂ ಎಲೆ ಸಿಕ್ಕಿಸಿ, ಮೇಲೊಂದು ತೆಂಗಿನಕಾಯಿ ಕೂರಿಸಿದೆ. ಅತಿಥಿಗಳ ಕೊರಳಿಗೆಂದು ಕಾಗದದ ಹೂಮಾಲೆಗಳು ಸಿದ್ಧವಾದವು.

ತಿನಿಸುಗಳಲ್ಲಿಯೂ ನನ್ನ ಪ್ರತಿಭೆ ತುಂಬಿ ಹರಿಯಿತು. ಒಲೆ ಹಚ್ಚಬಾರದಷ್ಟೆ? ಹೆಸರುಬೇಳೆ ನೆನೆಸಿ ಸೌತೆಕಾಯಿ, ಕಾಯಿತುರಿ ಬೆರೆಸಿ 'ಸಲಾಡ್' ಮಾಡಿದೆ. ಹಾಲು, ಮೊಸರು, ಜೇನು, ಸಕ್ಕರೆಗೆ ಬಾಳೆಹಣ್ಣು ಕಿವುಚಿದೆ. ಪತ್ರಿಕೆ ಹೇಳಿದ ಹಣ್ಣಿನ ಪಂಚ್ ಸಪ್ಪೆಯೆನಿಸಿ, ನಿಂಬೆರಸದ ಜೊತೆಗೆ ಬೆಲ್ಲ, ಏಲಕ್ಕಿ, ಒಣಶುಂಠಿ ಹಾಕಿ ದೊಡ್ಡ ಗಾಜಿನ ಬೋಗುಣಿ ತುಂಬಿಸಿದೆ. ಮೇಜಿನ ತುಂಬ ಹಣ್ಣಿನ ರಾಶಿ!

ಶನಿವಾರ ಸಂಜೆ ಆಸ್ಪತ್ರೆಯಿಂದ ಬಂದ ವಸುಧಾ ಬಾಗಿಲಲ್ಲೇ ನಿಂತಳು.

"ರೀ, ಇದನ್ನ ಎಲ್ಲೋ ನೋಡಿದ ಹಾಗಿದೆಯಲ್ಲ."

"ಪತ್ರಿಕೆಯಲ್ಲಿ!"

"ಅಲ್ಲ. ನಮ್ಮ ಸೋದರತ್ತೆ ಮನೇಲಿ…"

ವಾಕ್ಯ ಪೂರ್ಣವಾಗುವ ಮೊದಲು ಕರೆಗಂಟೆ ಮೊಳಗಿತು. ಬಾಗಿಲು ತೆರೆದರೆ, ಸರ್ವೋತ್ತಮ ಜರಿಪಂಚೆಯಲ್ಲಿ! ಅವನ ಹೆಂಡತಿ ಸೌದಾಮಿನಿ ಮಲ್ಲಿಗೆ ಮುಡಿದು! ಅವರ ಮುಂದೆ, ಊರಿನಿಂದ ಮಗನ ಮನೆಗೆ ಬಂದಿದ್ದ ತಾಯಿ ಜಲಜಮ್ಮ, ಕೆಂಪು ರೇಷ್ಮೆಸೀರೆಯುಟ್ಟು, ಹೂವು, ಅಕ್ಷತೆ, ಕರ್ಪೂರಗಳ ತಟ್ಟೆ ಹಿಡಿದು! ಸರ್ವೋತ್ತಮನ ಕಂಕುಳಲ್ಲಿ ಕುರ್ಚಿಗಳ ಜೊತೆಗೆ ಕಟ್ಟು ಹಾಕಿಸಿದ ಸತ್ಯನಾರಾಯಣಸ್ವಾಮಿಯ ಪಟ!

"ನಿಮ್ಮಲ್ಲಿ ಪಟ ಇರ್ಲಿಕ್ಕಿಲ್ಲ ಅಂತ ನಾವೇ ತಂದೆವು" ಎಂದಳು ಸೌದಾಮಿನಿ.

ಜಲಜಮ್ಮ ನನ್ನ ಬಾಳೆಕಂಬಗಳನ್ನು ಕಂಡು ಕಣ್ಣು ತುಂಬಿಕೊಂಡರು.

"ಈ ಊರಲ್ಲಿ ಬಾಳೆಕಂಬ ಸಿಗುದಿಲ್ಲ ಅಂತ ಕಾಗದದಲ್ಲೇ ಮಾಡಿದ್ರಾ ಮಗಾ! ಎಂಥ ಭಕ್ತಿ! ಕಲಶ ಇಟ್ಟಿದ್ದೀರಿ, ಕೋಸಂಬರಿ ಉಂಟು, ಪಾನಕ ಉಂಟು… ಪಂಚಾಮೃತಕ್ಕೆ ತುಪ್ಪ ಒಂದು ಬಿಟ್ಟಿದ್ದೀರಿ. ತೊಂದರೆ ಇಲ್ಲ, ನಾನು ತಂದಿದ್ದೇನೆ."

ನಾನು ಮೇಜನ್ನು ನೋಡಿದೆ. ಮೊದಲ ಬಾರಿಗೆ ನೋಡಿದೆ! ಹವಾಯಿ ದ್ವೀಪಕ್ಕೆಂದು ಹೊರಟ ನನ್ನ ಕೈಗಳು, ಬಾಲ್ಯದಲ್ಲಿ ಕಲಿತ ದಾರಿಯನ್ನೇ ಹಿಡಿದು, ನೇರವಾಗಿ ಪೂಜಾಮಂಟಪಕ್ಕೆ ಬಂದು ತಲುಪಿದ್ದವು. ವಸುಧಾ ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಅಮ್ಮ, ಇದು ಪೂಜೆಯಲ್ಲ, ಬರೀ…" ಎಂದು ನಾನು ಆರಂಭಿಸಿದೆ.

"ಅಮ್ಮ ಬೆಳಿಗ್ಗೆಯಿಂದ ಉಪವಾಸ" ಎಂದ ಸರ್ವೋತ್ತಮ ಮೆಲ್ಲಗೆ. "ಇಲ್ಲಿಗೆ ಬಂದ ಮೇಲೆ ಮೊದಲ ಪೂಜೆ ಅಂತ ಖುಷಿಯಲ್ಲಿ ಒಂದು ತೊಟ್ಟು ಕಾಫಿ ಸಹ ಕುಡಿಲಿಲ್ಲ."

ಹಸಿದ ವೃದ್ಧೆಯೆದುರು ಆಧುನಿಕತೆ ಎಷ್ಟು ಹೊತ್ತು ನಿಂತೀತು! "ಭಟ್ಟರು ಎಲ್ಲಿ?" ಎಂದರು ಜಲಜಮ್ಮ. ಅತಿ ಸಮೀಪದ ಅರ್ಚಕರು ಇದ್ದದ್ದು ಲಿವರ್‌ಮೋರ್ ದೇವಸ್ಥಾನದಲ್ಲಿ. ಫ್ರೀವೇ ಹಿಡಿದು ಹೋಗಿ ಕರೆತರುವಷ್ಟರಲ್ಲಿ ಉಪವಾಸ ಮರುದಿನಕ್ಕೆ ದಾಟುತ್ತಿತ್ತು.

"ನೀವು ಎಂ.ಎ. ಅಲ್ವಾ? ಸಂಸ್ಕೃತ ಬರ್ತದಲ್ಲ? ನೀವೇ ಮಾಡಿ" ಎಂದ ಸರ್ವೋತ್ತಮ.

ಅದೇ ವೇಳೆಗೆ ಡಾಕ್ಟರ್ ಲಿಂಡ್‌ಸ್ಟ್ರಾಮ್ ಆಗಮಿಸಿದರು. ಆರಡಿ ಎತ್ತರದ ಆಕೆ ದಾಸವಾಳದ ಚಿತ್ರವಿದ್ದ ಉದ್ದನೆಯ ಉಡುಪಿನಲ್ಲಿ. ಪತಿ ಕಾರ್ಲ್ ಗಿಳಿಗಳ ಚಿತ್ರದ ಅಂಗಿಯಲ್ಲಿ. ಅವರ ಕೊರಳಿಗೆ ಹಾಕಲು ಮಾಲೆಗಾಗಿ ಕೈಚಾಚಿದರೆ, ಜಲಜಮ್ಮ ಅಷ್ಟನ್ನೂ ಪಟಕ್ಕೆ ಏರಿಸಿಬಿಟ್ಟಿದ್ದರು!

"ವಸುಧಾ, ಏನು ನಡೆಯುತ್ತಿದೆ?" ಎಂದು ಮುಖ್ಯಸ್ಥೆ ಇಂಗ್ಲಿಷಿನಲ್ಲಿ ಕೇಳಿದರು.

ವಸುಧಾ ಏನೋ ಉತ್ತರಿಸಿದಳು. ಡಾಕ್ಟರ್ ಲಿಂಡ್‌ಸ್ಟ್ರಾಮ್ ಬಗ್ಗಿದರು. ಇನ್ನಷ್ಟು ಬಗ್ಗಿದರು. "ಕೇಳಿಸಲಿಲ್ಲ" ಎಂದರು. ನನ್ನ ಕಣ್ಣ ಮುಂದೆ ನಾರ್ತ್ ಡಕೋಟಾದ ಹಿಮ ಧಾರಾಕಾರವಾಗಿ ಸುರಿಯತೊಡಗಿತು.

ಎಲ್ಲರೂ ನೆಲದ ಮೇಲೆ ಕುಳಿತರು. ನಾನು ಪಟದ ಮುಂದೆ ಆಸೀನನಾದೆ. ಆದರೆ ಮಂತ್ರ? ಬಾಲ್ಯದಲ್ಲಿ ಕೇಳಿದ್ದೆಲ್ಲ ಆವಿಯಾಗಿತ್ತು. ನಾಲಗೆಯ ಮೇಲೆ ಉಳಿದಿದ್ದ ಸಂಸ್ಕೃತವೆಂದರೆ, ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಕಾವ್ಯಶಾಸ್ತ್ರದ ಲಕ್ಷಣಗಳು ಮಾತ್ರ. ವಿಧಿಯಿಲ್ಲ! ಉಪಮಾಲಂಕಾರದ ಲಕ್ಷಣ ಹೇಳಿ ಒಂದು ಹೂ ಏರಿಸಿದೆ. ರೂಪಕದ ಲಕ್ಷಣಕ್ಕೆ ಎರಡು ಹೂ. ಉತ್ಪ್ರೇಕ್ಷೆಗೆ ಬಂದಾಗ ದನಿಯೂ ತಾನಾಗಿ ಏರಿತು. ಜಲಜಮ್ಮ ಕಣ್ಣುಮುಚ್ಚಿ ಕೈಮುಗಿದರು. ಅವರನ್ನು ನೋಡಿ ಕಾರ್ಲ್ ಕೂಡ ಕೈಮುಗಿದ.

"ಎಷ್ಟು ಸ್ಪಷ್ಟ ಹೇಳ್ತಾರೆ!" ಎಂದರು ಜಲಜಮ್ಮ ಸೊಸೆಯ ಕಿವಿಯಲ್ಲಿ.

ಈ ಪ್ರಶಂಸೆಯೇ ನನ್ನನ್ನು ಕೆಡಿಸಿತು. ಮಂಗಳಾರತಿಯನ್ನು ಸಾಧಾರಣವಾಗಿ ಎತ್ತಿದ್ದರೆ ಸಾಕಿತ್ತು. ಆದರೆ ಒಳಗಿನ ಕಲಾವಿದ ಜಾಗೃತನಾಗಿದ್ದ! ಉರಿಯುವ ಕರ್ಪೂರದ ತಟ್ಟೆಯನ್ನು ಎಡದ ಕಂಬದಿಂದ ಬಲದ ಕಂಬದವರೆಗೆ ಒಂದು ಮಹಾವೃತ್ತದಲ್ಲಿ ಬೀಸಿದೆ. ಬಲಗಡೆಯ ಬಾಳೆಯ ಅತ್ಯಂತ ಉದ್ದದ ಎಲೆ, ನಾನೇ ಹೆಮ್ಮೆಯಿಂದ ಕತ್ತರಿಸಿದ್ದ ಎಲೆ, ಬಗ್ಗಿ ಆರತಿಯನ್ನು ಸ್ವೀಕರಿಸಿತು.

ಭಗ್ಗನೆ ಹೊತ್ತಿಕೊಂಡಿತು!

ಜ್ವಾಲೆ ತೋರಣಕ್ಕೆ ಹಾರಿತು. ಛಾವಣಿಯ ಸ್ಮೋಕ್ ಅಲಾರ್ಮು ಕಿರುಚತೊಡಗಿತು. ಸರ್ವೋತ್ತಮ ಪಂಚೆ ಎತ್ತಿಕೊಂಡು ತನ್ನ ಸುತ್ತ ತಾನೇ ತಿರುಗಿದ. ನಾನು? ಉರಿಯುತ್ತಿರುವ ಕಂಬವನ್ನು ಬೀಳದಂತೆ ಭಕ್ತಿಯಿಂದ ಅಪ್ಪಿ ಹಿಡಿದು ನಿಂತಿದ್ದೆ!

ಆಗ ಒಂದು ದನಿ ಗುಡುಗಿತು.

"ರೀ! ಕಂಬ ಬಿಡಿ! ಬಿಡಿ ಅಂದ್ರೆ ಬಿಡಬೇಕು! ಸರ್ವೋತ್ತಮ, ಬಾಗಿಲು ತೆಗೀರಿ! ಸೌದಾಮಿನಿ, ಅಮ್ಮನ್ನ ಹೊರಗೆ ಕರ್ಕೊಂಡ್ಹೋಗಿ! ಕಾರ್ಲ್, ಪರದೆ ಎಳೆದು ಹಾಕಿ! ಡಾಕ್ಟರ್, ಏನು ನೋಡ್ತಾ ನಿಂತಿದ್ದೀರಿ? ಆ ಪಾನಕ ಎತ್ತಿ ಸುರೀರಿ!"

ವಸುಧಾ! ನನ್ನ ಮೆದುಮಾತಿನ ವಸುಧಾ! ಇಂಗ್ಲಿಷ್ ಎಂಬ ಭಾಷೆಯೊಂದಿದೆ ಎಂಬುದನ್ನೇ ಮರೆತು, ಅಚ್ಚ ಕನ್ನಡದಲ್ಲಿ, ತನ್ನ ಮುಖ್ಯಸ್ಥೆಗೆ ಬೆರಳು ತೋರಿಸಿ ಅಪ್ಪಣೆ ಕೊಟ್ಟಿದ್ದಳು. ಪರಮಾಶ್ಚರ್ಯವೆಂದರೆ, ಒಂದಕ್ಷರ ಕನ್ನಡ ಬಾರದ ಡಾಕ್ಟರ್ ಲಿಂಡ್‌ಸ್ಟ್ರಾಮ್ ಮರುಮಾತಿಲ್ಲದೆ ಬೋಗುಣಿಯನ್ನೆತ್ತಿ ಬೆಂಕಿಯ ಮೇಲೆ ಸುರಿದರು. ಕಾರ್ಲ್ ಪರದೆಯನ್ನು ಕಿತ್ತೆಸೆದ. ಬೆಂಕಿ ಚೊಂಯ್ ಎಂದು ಆರಿತು. ಏಲಕ್ಕಿಯ ಪರಿಮಳ ಕಟ್ಟಡವನ್ನೆಲ್ಲ ವ್ಯಾಪಿಸಿತು. ಬೆಲ್ಲದ ನೀರು ನನ್ನ ತಲೆಯಿಂದ ಇಳಿದು ಮೂಗಿನ ತುದಿಯಲ್ಲಿ ನಿಂತಿತು.

ನೆರೆಯವರ ಕರೆಗೆ ಧಾವಿಸಿ ಬಂದ ಅಗ್ನಿಶಾಮಕ ದಳದ ಮೂವರು ದೈತ್ಯರಿಗೆ ಉಳಿದಿದ್ದ ಕೆಲಸವೆಂದರೆ ಅಂಗೈ ಚಾಚುವುದು. ಜಲಜಮ್ಮ ಅವರನ್ನು ಸಾಲಾಗಿ ನಿಲ್ಲಿಸಿ ಕೋಸಂಬರಿ ಹಂಚಿದರು. ಆ ಮೇಲೆ ತಾವೂ ಉಪವಾಸ ಮುರಿದು, "ಅಗ್ನಿದೇವ ಸ್ವತಃ ಬಂದು ತೆಗೊಂಡ ಪೂಜೆ ನಾನು ನೋಡಿದ್ದು ಇದೇ ಮೊದಲು" ಎಂದು ತೃಪ್ತಿಯಿಂದ ನಿಟ್ಟುಸಿರಿಟ್ಟರು.

ಡಾಕ್ಟರ್ ಲಿಂಡ್‌ಸ್ಟ್ರಾಮ್ ಬಾಳೆಹಣ್ಣಿನ ಪಂಚಾಮೃತವನ್ನು ಮೂರು ಬಾರಿ ಹಾಕಿಸಿಕೊಂಡರು. ವಸುಧಾಳನ್ನು ಹೊಸಬಳೊಬ್ಬಳನ್ನು ಕಂಡಂತೆ ದಿಟ್ಟಿಸಿದರು. "ಸೋಮವಾರ ನನ್ನ ಕೋಣೆಗೆ ಬಾ" ಎಂದಷ್ಟೇ ಹೇಳಿ ಹೊರಟರು. ವಸುಧಾ ಮತ್ತೆ ಪಿಸುದನಿಗೆ ಇಳಿದು, "ರೀ, ನಾನು ಅವರ ಮೇಲೆ ಕಿರುಚಿಬಿಟ್ಟೆ" ಎಂದು ಸೋಫಾದಲ್ಲಿ ಕುಸಿದಳು. ಭಾನುವಾರವಿಡೀ ನಾವು ಕಾರ್ಪೆಟ್ಟಿನ ಬೆಲ್ಲ ಉಜ್ಜಿದೆವು. ಹಿಮಕ್ಕೆ ತಕ್ಕ ಕೋಟುಗಳು ಎಲ್ಲಿ ಅಗ್ಗವಾಗಿ ಸಿಗುತ್ತವೆಂದು ಚರ್ಚಿಸಿದೆವು.

ಸೋಮವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಅವಳ ಫೋನು ಬಂತು.

"ರೀ, ಕೆಲಸ ನಂಗೇ ಸಿಕ್ತು."

ನಾನು ಪುಸ್ತಕದ ಬಂಡಿಯ ಮೇಲೆಯೇ ಕುಳಿತುಬಿಟ್ಟೆ. ಎದೆ ತನ್ನಷ್ಟಕ್ಕೆ ತಾನೇ ಉಬ್ಬಿತು. "ನನ್ನ ಔತಣದ ಪ್ರಭಾವ ತಾನೇ?"

"ಹೌದು ರೀ. ನಿಮ್ಮ ಔತಣದಿಂದಲೇ."

"ಅಲಂಕಾರದ ಬಗ್ಗೆ ಏನಾದರೂ ಹೇಳಿದರೇ?"

"ಇಲ್ಲ. ನಿಮ್ಮ ಬಗ್ಗೆ ಹೇಳಿದ್ರು."

"ನನ್ನ ಬಗ್ಗೆಯೇ! ಏನೆಂದರು? ಒಂದಕ್ಷರ ಬಿಡದೆ ಹೇಳು!"

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ನಗು ಕೇಳಿಸಿತು.

"'ಎಮರ್ಜೆನ್ಸಿ ಕೆಲಸದ ಅನುಭವ ನೀನು ಅರ್ಜಿಯಲ್ಲಿ ಕಡಿಮೆ ತೋರಿಸಿದ್ದೀಯ ವಸುಧಾ, ಮದುವೆಯಾದ ವರ್ಷಗಳನ್ನೂ ಸೇರಿಸಬೇಕಾಗಿತ್ತು' ಅಂದ್ರು."