ತಿನ್ನುವ ಮನೆಗೆ ದೀಪ ಹಾಕಿದವನು

ಎಲ್ಲ ಎಡವಟ್ಟಿಗೂ ಮೂಲ ಕಲಾಭವನದ ಕಾರ್ಯದರ್ಶಿಯ ಅಚ್ಚುಕಟ್ಟುತನ. ಬೆಳಿಗ್ಗೆ ಉದ್ದನೆಯ ಮೇಜಿನ ಮೇಲೆ ಎರಡು ಕಟ್ಟು ಬಣ್ಣದ ಹಾಳೆಗಳಿದ್ದವು. ಒಂದು ದೀಪದವನದು, ದೀಪದ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ಹಾಳೆ. ಇನ್ನೊಂದು ಅವನ ಅಕ್ಕನದು, ಸಕ್ಕರೆ ಪಾಕವನ್ನು ತೆಳ್ಳಗೆ ಹರಡಿ ಒಣಗಿಸಿದ್ದು. ಕೆಂಪಿನ ಜೊತೆ ಕೆಂಪು, ಹಸಿರಿನ ಜೊತೆ ಹಸಿರು ಇದ್ದರೆ ಕಣ್ಣಿಗೆ ಚೆಂದ ಎಂದುಕೊಂಡ ಕಾರ್ಯದರ್ಶಿ ಯಾರನ್ನೂ ಕೇಳದೆ ಎರಡು ಕಟ್ಟನ್ನೂ ಬೆರೆಸಿ ಬಣ್ಣವಾರು ಜೋಡಿಸಿಟ್ಟರು.

ಅಕ್ಕ ಬೇಕರಿಯವಳು. ಭವನದವರು ಅವಳಿಂದ ಆಳೆತ್ತರದ ಮನೆಯೊಂದನ್ನು ಕಟ್ಟಿಸಿದ್ದರು. ಬಿಸ್ಕತ್ತಿನ ಗೋಡೆ, ಚಾಕೊಲೇಟ್ ಮಾಡು, ಸಕ್ಕರೆಯ ಕಿಟಕಿ. ಸಂಜೆ ಬಣ್ಣದ ಬೆಳಕಿನಲ್ಲಿ ಜನ ಅದನ್ನು ಕಣ್ತುಂಬ ನೋಡಿ, ಆಮೇಲೆ ಹೊಟ್ಟೆತುಂಬ ತಿನ್ನಬೇಕು. ಬೆಳಕಿಗೆ ತಮ್ಮನೇ ಆಗಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಇಪ್ಪತ್ತೆರಡು ವರ್ಷ ನಾಟಕಗಳಿಗೆ ದೀಪ ಹಾಕಿದವನ ಹೆಸರು ಆಹ್ವಾನಪತ್ರಿಕೆಯಲ್ಲಿ ಅಚ್ಚಾದದ್ದು ಇದೇ ಮೊದಲು. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು, ಹೆಸರು ಇನ್ನೂ ಅಲ್ಲೇ ಇದೆಯೋ ಇಲ್ಲವೋ ಎಂದು ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದ.

ತಿನ್ನುವ ವಸ್ತುವಿನ ಹತ್ತಿರ ಬರಿಗೈ ಬೇಡವೆಂದು ಅಕ್ಕ ಅವನಿಗೆ ಬಟ್ಟೆಯ ಕೈಗವಸು ತೊಡಿಸಿದ್ದಳು. ಹಾಗಾಗಿ ಏಣಿ ಹತ್ತಿ ಹಾಳೆ ಸಿಕ್ಕಿಸುವಾಗ ಕೈಯಲ್ಲಿದ್ದದ್ದು ಏನೆಂದು ಅವನಿಗೆ ಗೊತ್ತಾಗಲಿಲ್ಲ. ಸಾಲದ್ದಕ್ಕೆ ಕೆಳಗಿನಿಂದ ಸಲಹೆಗಳ ಮಳೆ.

"ಗೋಡೆ ಸಪ್ಪೆಯಾಗಿ ಕಾಣ್ತಿದೆ, ಸ್ವಲ್ಪ ಕೆಂಪು ಹಾಕಿ" ಎಂದ ಕಾವಲುಗಾರ.

"ಕೆಂಪು ಹಾಕಿದ್ರೆ ಮನೆಗೆ ಬೆಂಕಿ ಬಿದ್ದ ಹಾಗಿರುತ್ತೆ. ಹಸಿರು ಹಾಕಿ" ಎಂದರು ಕಾರ್ಯದರ್ಶಿ.

ಇಬ್ಬರ ಮನಸ್ಸನ್ನೂ ನೋಯಿಸಲಾರದೆ ಅವನು ಎರಡನ್ನೂ ಹಾಕಿದ.

ಸಂಜೆ ಐದಕ್ಕೆ ಸ್ವಿಚ್ಚು ಒತ್ತಿದಾಗ ಸಭಾಂಗಣ ಉಸಿರು ಬಿಗಿಹಿಡಿಯಿತು. ಬಿಸ್ಕತ್ತಿನ ಗೋಡೆ ಹೊಸ ಮದುಮಗಳ ಹಾಗೆ ಕೆಂಪೇರಿತು. ದೀಪದವನ ಎದೆ ಉಬ್ಬಿ ಅಂಗಿಯ ಗುಂಡಿ ಎಳೆಯತೊಡಗಿತು. ಅಷ್ಟರಲ್ಲಿ ಕಾರ್ಯದರ್ಶಿಯ ಬೋಳುತಲೆಯ ಮೇಲೆ ಟಪ್ಪೆಂದು ಒಂದು ಕೆಂಪು ಹನಿ ಬಿತ್ತು. ಹಿಂದೆಯೇ ಒಂದು ಹಸಿರು ಹನಿ.

ಅವನು ಏಣಿ ಏರಿ ನೋಡಿದರೆ ದೀಪದ ಕಾವಿಗೆ ಹಾಳೆ ಕರಗಿ ಜೋಲುತ್ತಿತ್ತು. ಕೈಗವಸು ಕಳಚಿ, ಬೆರಳಿಗೆ ತಾಗಿಸಿ ನೆಕ್ಕಿದ. ಸಿಹಿ. ಸಕ್ಕರೆ ಇಲ್ಲಿದ್ದರೆ ಕಿಟಕಿಯಲ್ಲಿ ಇರುವುದೇನು ಎಂಬ ಯೋಚನೆ ಬಂದದ್ದೇ ಅವನು ಬಗ್ಗಿ ನೋಡಿದ.

ಕೆಳಗೆ ಅಕ್ಕ ಕೆಂಪು ಕಿಟಕಿಯನ್ನು ತಟ್ಟೆಯಲ್ಲಿಟ್ಟು ಮುಖ್ಯ ಅತಿಥಿಗೆ ಕೊಡುತ್ತಿದ್ದಳು. ಅವರು ನಿವೃತ್ತ ಹೆಡ್‌ಮಿಸ್ಟ್ರೆಸ್, ವಯಸ್ಸು ಎಂಬತ್ತು, ಹಲ್ಲೆಲ್ಲ ಕಟ್ಟಿಸಿದ್ದು.

"ಅಮ್ಮಾ, ತಿನ್ಬೇಡಿ" ಎಂದು ಅವನು ಏಣಿಯಿಂದ ಇಳಿದನೋ ಬಿದ್ದನೋ, ಓಡಿದ. ಕಾರ್ಯದರ್ಶಿ ತೋಳು ಹಿಡಿದರು. ಕೊಸರಿಕೊಂಡ. ಅತಿಥಿಯ ತುಟಿಯವರೆಗೆ ಹೋಗಿದ್ದ ಕಿಟಕಿಯನ್ನು ಕಿತ್ತುಕೊಂಡ.

"ಇದು ತಿನ್ನೋದಲ್ಲ. ಹಲ್ಲು ಹೋಗುತ್ತೆ. ನೋಡಿ ಬೇಕಾದ್ರೆ" ಎಂದವನೇ ಎಲ್ಲರಿಗೂ ಕಾಣುವ ಹಾಗೆ ಬಲವಾಗಿ ಕಚ್ಚಿದ.

ಕಟುಮ್ಮೆಂದು ಮುರಿಯಿತು. ಅಪ್ಪಟ ಸಕ್ಕರೆ. ಕಚ್ಚಿದ ರಭಸಕ್ಕೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡು ಬಾಯಿಯೇ ತೆರೆಯದಂತಾಯಿತು. ಇನ್ನೂರು ಜನ ಅವನನ್ನೇ ನೋಡುತ್ತಿದ್ದರು.

"ಪಾಪ, ಬೆಳಗಿನಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ" ಎಂದರು ಹೆಡ್‌ಮಿಸ್ಟ್ರೆಸ್, ತುಂಬ ಮೆತ್ತಗೆ.

ಅಕ್ಕ ಅವನನ್ನು ಪಕ್ಕಕ್ಕೆ ಎಳೆದಳು. "ಏನೋ ಇದು? ಮಧ್ಯಾಹ್ನ ಕಿಟಕಿ ಕತ್ತರಿಸೋಕೆ ಹೋದೆ, ಬಗ್ಗಿತೇ ಹೊರತು ಮುರೀಲಿಲ್ಲ. ನಿನ್ನ ಹಾಳೆ ಸೇರ್ಕೊಂಡಿದೆ ಅಂತ ಗೊತ್ತಾಯ್ತು. ಎಲ್ಲ ತೆಗೆದು ಹೊಸದಾಗಿ ಪಾಕ ಮಾಡಿ ಕಿಟಕಿ ಕೂರಿಸ್ದೆ. ಹೇಳಿದ್ರೆ ಗಾಬರಿ ಬೀಳ್ತೀಯ ಅಂತ ನಿಂಗೆ ಹೇಳ್ಲಿಲ್ಲ ಕಣೋ."

ತಮ್ಮನಿಗೆ ಹೇಳುವುದು ಬಹಳ ಇತ್ತು. ಅಂಟಿದ ಹಲ್ಲಿನ ನಡುವಿನಿಂದ ಹೊರಟದ್ದು ಮಾತ್ರ ಉದ್ದನೆಯ "ಮ್ಮ್ಮ್".

"ರುಚಿ ಹಿಡಿಸಿದೆ ಇವರಿಗೆ" ಎಂದು ಹೆಡ್‌ಮಿಸ್ಟ್ರೆಸ್ ಹಸಿರು ಕಿಟಕಿಯನ್ನೂ ಕಿತ್ತು ಅವನ ಕೈಗಿಟ್ಟರು. "ತಿನ್ನಿ, ಸಂಕೋಚ ಬೇಡ. ನಾವೆಲ್ಲ ಕಾಯ್ತೀವಿ."