ಬೇಸ್‌ಮೆಂಟಿನಲ್ಲಿ ಕಚ್ಚೆ ಪಂಚೆ

ನಿವೃತ್ತನಾದ ಡ್ರಿಲ್ ಮೇಷ್ಟ್ರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಅದನ್ನು ನಾನೇ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಆ ಮೇಷ್ಟ್ರು ನಾನೇ. ಮೈಸೂರಿನ ಹೈಸ್ಕೂಲೊಂದರಲ್ಲಿ ಹುಡುಗರನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಲೇ ತಲೆ ನರೆತವನು ಈಗ ಅಮೆರಿಕದ ಬ್ರಿಡ್ಜ್‌ವಾಟರಿನಲ್ಲಿ ಮಗಳು ಸುಧಾಳ ಮನೆಯಲ್ಲಿದ್ದೇನೆ. ಬಂದ ಹೊಸದರಲ್ಲಿ ಸಾಲು ನಿಲ್ಲಿಸಲು ಯಾರೂ ಸಿಗದೆ, ನೆಂಟರು ಬಾಗಿಲಲ್ಲಿ ಬಿಟ್ಟ ಬೂಟು ಚಪ್ಪಲಿಗಳನ್ನೇ ಅಳತೆಯ ಪ್ರಕಾರ ನಿಲ್ಲಿಸುತ್ತಿದ್ದೆ. ಹೊರಡುವ ಹೊತ್ತಿಗೆ ಗಂಡನದು ಒಂದು ತುದಿಯಲ್ಲಿ, ಹೆಂಡತಿಯದು ಇನ್ನೊಂದು ತುದಿಯಲ್ಲಿ. "ಮೂವತ್ತು ವರ್ಷದ ಸಂಸಾರ ಅಂಕಲ್, ಒಂದು ಊಟದಲ್ಲಿ ಬೇರೆ ಮಾಡ್ಬಿಟ್ರಲ್ಲ!" ಎಂದು ಒಬ್ಬಾಕೆ ನಕ್ಕರು. ಮರುವಾರ ಸುಧಾ ಬಾಗಿಲಿರುವ ಒಂದು ಬೀರು ತಂದು ಚಪ್ಪಲಿಗಳನ್ನೆಲ್ಲ ಅದರೊಳಗೆ ಸೇರಿಸಿದಳು. ನಾನು ಎರಡನೆಯ ಸಲ ನಿವೃತ್ತನಾದೆ.

ಹೀಗಿರುವಾಗ ಪ್ರಶಾಂತ ಬಂದ. ನನ್ನ ಅಳಿಯನ ಆಫೀಸಿನವನು, ಔಷಧ ಕಂಪನಿಯಲ್ಲಿ ಇಂಜಿನಿಯರು, ಪಕ್ಕದ ಬೀದಿಯಲ್ಲೇ ಹೊಸ ಮನೆ ಕೊಂಡಿದ್ದ. ಗೃಹಪ್ರವೇಶಕ್ಕೆಂದು ಅವನ ಅಪ್ಪ ಅಮ್ಮ ಮೈಸೂರಿನಿಂದ ಬಂದಿಳಿದಿದ್ದರು. ಅವನ ಹೆಂಡತಿ ದೀಪಾ ಹೋಮಕ್ಕೆ ಕೂರಲು ಅವನಿಗೊಂದು ರೆಡಿಮೇಡ್ ಪಂಚೆ ತಂದಿಟ್ಟಿದ್ದಳು. ಅದನ್ನು ನೀವು ನೋಡಿರಬಹುದು. ಸೊಂಟಕ್ಕೆ ಎಲಾಸ್ಟಿಕ್, ಪಕ್ಕಕ್ಕೆ ಪರ್ರ್ ಎಂದು ಬಿಚ್ಚಿಕೊಳ್ಳುವ ವೆಲ್ಕ್ರೊ, ಇಸ್ತ್ರಿ ಹಾಕಿ ಹೊಲಿದ ನಿರಿಗೆ, ಹಿಂದೆ ಶಾಶ್ವತವಾಗಿ ಸಿಕ್ಕಿಸಿಟ್ಟ ಕಚ್ಚೆ. ಸಾಲದ್ದಕ್ಕೆ ಜೇಬು! ಎರಡು ಕಾಲು ತೂರಿಸಿದರೆ ಸಾಕು, ಮೀಟಿಂಗಿನಿಂದ ಎದ್ದು ಬಂದ ಮನುಷ್ಯ ಕಾಫಿ ಆರುವುದರೊಳಗೆ ವೈದಿಕನಾಗಿಬಿಡುತ್ತಾನೆ. ಪ್ರಶಾಂತನ ತಾಯಿ ಜಯಮ್ಮನವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರಂತೆ. "ಹೊಲಿದ ಬಟ್ಟೆ ಮಡಿಗೆ ಆಗತ್ತೇನೋ? ಈ ಚೀಲದೊಳಗೆ ಕೂತು ನೀನು ಹೋಮ ಮಾಡಿದ್ರೆ ನಾನು ಹೊಸ್ತಿಲು ದಾಟಲ್ಲ. ಹಾಲು ನೀವೇ ಉಕ್ಕಿಸ್ಕೊಳ್ಳಿ" ಎಂದರಂತೆ.

"ಅಮ್ಮ ಸೀರಿಯಸ್ಸಾಗಿದಾರೆ ಅಂಕಲ್," ಎಂದ ಪ್ರಶಾಂತ. ಮುಖ ಸಣ್ಣದಾಗಿತ್ತು. "ಅಷ್ಟು ದೂರದಿಂದ ಬಂದು ಡ್ರೈವ್‌ವೇಲಿ ಕಾರೊಳಗೆ ಕೂತಿರ್ತೀನಿ ಅಂತಿದಾರೆ. ನಂಗೆ ಕಚ್ಚೆ ಹಾಕೋಕೆ ಬರಲ್ಲ. ಹೆಲ್ಪ್ ಮಾಡಿ."

"ಭಾನುವಾರ ಬೆಳಿಗ್ಗೆ ಬಾ. ತಡ ಆದ್ರೆ ಒಳಗೆ ಬಿಡಲ್ಲ," ಎಂದೆ. ನನ್ನ ದನಿ ಎಷ್ಟೋ ವರ್ಷಗಳ ನಂತರ ಮೈದಾನದ ದನಿಯಾಗಿತ್ತು. ಅಡುಗೆಮನೆಯಲ್ಲಿ ಸುಧಾ "ಅಯ್ಯೋ ದೇವರೇ" ಅಂದದ್ದು ಕೇಳಿಸಿತು.

ಒಬ್ಬನೇ ಶಿಷ್ಯನನ್ನು ಸಾಲು ನಿಲ್ಲಿಸಲಾಗುವುದಿಲ್ಲ. ಆದ್ದರಿಂದ ಪ್ರಶಾಂತನ ಸ್ನೇಹಿತರನ್ನೂ ಕರೆಸಿ ಐವರನ್ನು ಮಾಡಿದೆ. ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ಲನ್ನು ಗೋಡೆಗೆ ಒತ್ತರಿಸಿ ಪಾಠ ಶುರುಮಾಡಿದೆ. ನನ್ನ ಪದ್ಧತಿ ಸರಳ. ವಿವರಣೆ ಇಲ್ಲ, ಪ್ರಶ್ನೆ ಇಲ್ಲ. ನಾನು ಅವರ ಎದುರಿಗೆ ನಿಂತು ಉಡುತ್ತೇನೆ. ಒಂದೊಂದು ಹಂತಕ್ಕೂ ಸೀಟಿ ಊದುತ್ತೇನೆ. ಅವರು ನನ್ನನ್ನೇ ನೋಡಿ ಹಾಗೆಯೇ ಮಾಡಬೇಕು. ಮಾತಿನಿಂದ ಮನುಷ್ಯ ಗೊಂದಲಕ್ಕೆ ಬೀಳುತ್ತಾನೆ, ಸೀಟಿಯಿಂದ ಬೀಳುವುದಿಲ್ಲ ಎಂಬುದು ನನ್ನ ಜೀವಮಾನದ ನಂಬಿಕೆ. ಮೊದಲ ದಿನ ಪಕ್ಕದ ಮನೆಯ ಅಮೆರಿಕನ್ ಮಹಿಳೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತಿದೆ ಎಂದು ಬಾಗಿಲು ಬಡಿದರು. ಕೆಳಗಿಳಿದು ಬಂದು, ಐವರು ಇಂಜಿನಿಯರುಗಳು ಮಾರುದ್ದ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಸ್ತಬ್ಧರಾಗಿ ನಿಂತಿದ್ದನ್ನು ನೋಡಿ, ಏನೂ ಕೇಳದೆ ಹೋದರು. ಆಮೇಲೆ ಬಹಳ ದಿನ ನನ್ನನ್ನು ಕಂಡಾಗ ಅವರು ಅಗತ್ಯಕ್ಕಿಂತ ಹೆಚ್ಚು ವಿನಯದಿಂದ ಕೈಬೀಸುತ್ತಿದ್ದರು.

ಶಿಷ್ಯರಲ್ಲಿ ಧಾರವಾಡದ ಮೋಹನ ಎಂಬಾತನಿಗೆ ಮಾತ್ರ ನಡುನಡುವೆ ಬಾಯಿ ತೆರೆಯುವ ಚಟ. "ಸರ್, ಒಂದು ಡೌಟ್ ಐತ್ರಿ..." ಎನ್ನುತ್ತಿದ್ದ. ನಾನು ಸೀಟಿ ಊದುತ್ತಿದ್ದೆ. ಡೌಟು ಅಲ್ಲಿಗೆ ಮುಗಿಯುತ್ತಿತ್ತು. ಕೆಲವು ಭಾನುವಾರಗಳಲ್ಲೇ ಐವರೂ ಪಳಗಿದರು. ಕಚ್ಚೆ ಬಿಗಿ, ನಿರಿಗೆ ನೇರ, ಶಲ್ಯ ಭುಜದ ಮೇಲೆ ಮಟ್ಟಸ. ಎದುರಿಗೆ ನಿಂತ ಅವರನ್ನು ನೋಡಿದರೆ ಕನ್ನಡಿಯಲ್ಲಿ ನನ್ನನ್ನೇ ಐದು ಸಲ ನೋಡಿಕೊಂಡಂತಿತ್ತು. ಮೇಷ್ಟ್ರಾದವನಿಗೆ ಇದಕ್ಕಿಂತ ಸುಖ ಬೇರೆ ಬೇಕೆ? ಗೃಹಪ್ರವೇಶದ ದಿನ ಪ್ರಶಾಂತನೊಬ್ಬನೇ ಏಕೆ, ಐವರೂ ಕಚ್ಚೆಯಲ್ಲಿ ಬಾಗಿಲ ಬಳಿ ಸಾಲಾಗಿ ನಿಲ್ಲಬೇಕೆಂದು ನಾನೇ ಹಟ ಹಿಡಿದೆ. ಹೋಮ ಪ್ರಶಾಂತನದು, ಪರೇಡು ನನ್ನದು.

ಆ ದಿನ ಜಯಮ್ಮನವರು ತುಂಬಿದ ಬಿಂದಿಗೆ ಹಿಡಿದು ಹೊಸ್ತಿಲ ಆಚೆ ನಿಂತಿದ್ದರು. ಒಳಗೆ ಸೋಫಾದ ಮೇಲೆ ಪ್ರಶಾಂತನ ತಂದೆ ರಾಮಣ್ಣನವರು ಮಡಿಗಿಡಿಯ ಗೊಡವೆಯಿಲ್ಲದೆ ಕಾಫಿ ಕುಡಿಯುತ್ತಿದ್ದರು. ನಾನು ಸೀಟಿ ಊದಿದೆ. ಐವರೂ ಮೆಟ್ಟಿಲಿಳಿದು ಬಂದು ಸಾಲು ನಿಂತರು. ನೆರೆದವರಿಂದ ಚಪ್ಪಾಳೆ ನಿರೀಕ್ಷಿಸಿದ್ದೆ.

ಪುರೋಹಿತರು ಕನ್ನಡಕ ಸರಿಮಾಡಿಕೊಂಡರು. "ಇದೇನ್ರೀ ಇದು? ಎಲ್ಲರೂ ಅಪಸವ್ಯ ಮಾಡ್ಕೊಂಡು ನಿಂತಿದೀರಲ್ಲ!"

ಶಲ್ಯ ಎಡಭುಜದ ಮೇಲಿದ್ದರೆ ದೇವರ ಕೆಲಸ. ಬಲಭುಜದ ಮೇಲಿದ್ದರೆ ಅದು ಅಪಸವ್ಯ, ತೀರಿಕೊಂಡವರಿಗೆ ಪಿಂಡ ಇಡುವಾಗಿನ ಕ್ರಮ. ಐವರದೂ ಬಲಭುಜದ ಮೇಲಿತ್ತು. ಎದುರು ನಿಂತ ನನ್ನ ಎಡವನ್ನು ಅವರು ತಮ್ಮ ಬಲದಲ್ಲಿ ಅಚ್ಚುಕಟ್ಟಾಗಿ ಕಲಿತಿದ್ದರು. ನನ್ನ ಕನ್ನಡಿ ಕನ್ನಡಿಯ ಕೆಲಸವನ್ನೇ ಮಾಡಿತ್ತು.

ರಾಮಣ್ಣನವರು ಲೋಟ ಕೆಳಗಿಟ್ಟು, "ಯಾರೋ ಹೋದದ್ದು? ನಾನಂತೂ ಇಲ್ಲೇ ಇದೀನಪ್ಪ," ಎಂದರು. ಜಯಮ್ಮನವರ ಕೈಯಲ್ಲಿ ಬಿಂದಿಗೆ ತುಳುಕಿತು.

"ಅದನ್ನ ಕೇಳಾಕತ್ತಿದ್ದೆ ನಾ," ಎಂದ ಮೋಹನ. "ನೀವು ಸೀಟಿ ಊದಿಬಿಟ್ರಿ."

"ಶಲ್ಯ ಈ ಕಡೆ ಹಾಕ್ಕೊಂಡ್ರೆ ಆಯ್ತಲ್ಲ," ಎಂದು ದೀಪಾ ಮೆಲ್ಲಗೆ ಹೇಳಿದಳು. ಜಯಮ್ಮನವರು ಒಪ್ಪಲಿಲ್ಲ. ಪಂಚೆ ಸುತ್ತಿದ್ದೂ ಉಲ್ಟಾ, ನಿರಿಗೆ ತಿರುಗಿದ್ದೂ ಉಲ್ಟಾ. ಎಲ್ಲ ಬಿಚ್ಚಿ ಮತ್ತೆ ಉಡಲಿ ಎಂದರು. ನಾನು ಪ್ರಶಾಂತನನ್ನು ಕೋಣೆಗೆ ಕರೆದೊಯ್ದು, ಈ ಸಲ ಅವನಿಗೆ ಬೆನ್ನು ತೋರಿಸಿ ನಿಂತು ಸೀಟಿ ಊದಿದೆ. ಆದರೆ ಪಳಗಿದ ಕೈಗೆ ಹೊಸ ದಿಕ್ಕು ಹಿಡಿಸಲಿಲ್ಲ. ತಿರುಗಿ ನೋಡಿದರೆ ಅವನ ಎರಡು ಕಾಲೂ ಒಂದೇ ಸುತ್ತಿನೊಳಗೆ ಸೇರಿ, ಕಚ್ಚೆಯ ಜೊತೆಗೆ ಕಿಟಕಿಯ ಪರದೆಯ ತುದಿಯೂ ಬೆನ್ನ ಹಿಂದೆ ಸಿಕ್ಕಿಕೊಂಡಿತ್ತು. ಅವನು ಒಂದು ಹೆಜ್ಜೆ ಇಟ್ಟ. ಪರದೆ ಸರಳಿನ ಸಮೇತ ಹಿಂಬಾಲಿಸಿತು.

ಹೊರಗಿನಿಂದ ಪುರೋಹಿತರು, "ಮುಹೂರ್ತ ಮೀರ್ತಾ ಇದೆ. ನನಗೆ ಇನ್ನೊಂದು ಮನೆ ಬೇರೆ ಇದೆ," ಎಂದು ಕೂಗಿದರು. ಜಯಮ್ಮನವರು ಹೊಸ್ತಿಲ ಆಚೆಯಿಂದಲೇ ಬಳಸಿ ಬಂದು ಕೋಣೆಯ ಕಿಟಕಿಯಲ್ಲಿ ಇಣುಕಿ, ಪರದೆಯೊಳಗಿನ ಮಗನನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಪ್ರಶಾಂತಾ," ಎಂದರು ಕೊನೆಗೆ, "ಆ ಹೊಲಿದದ್ದನ್ನೇ ಹಾಕ್ಕೊಂಡ್ ಬಾಪ್ಪ. ನಿಮ್ಮಪ್ಪ ಇನ್ನೊಂದಷ್ಟು ವರ್ಷ ಇರ್ಲಿ."

"ಹೊಲಿದದ್ದು ಆಗಬಹುದಾ?" ಎಂದು ನಾನು ಕೊನೆಯ ಆಸೆಯಿಂದ ಪುರೋಹಿತರನ್ನು ಕೇಳಿದೆ. "ದೇಶ ಕಾಲ ನೋಡ್ಬೇಕಲ್ಲ ಮೇಷ್ಟ್ರೇ," ಎಂದು ಅವರು ತಮ್ಮ ಪಂಚೆಯ ಜೇಬಿನಿಂದ ಕಾರಿನ ಕೀ ತೆಗೆದು ಬದಿಗಿಟ್ಟು ಹೋಮಕುಂಡದ ಮುಂದೆ ಕೂತರು. ಜಯಮ್ಮನವರು ಹೊಸ್ತಿಲು ದಾಟಿದರು. ಹಾಲು ಉಕ್ಕಿತು. ಊಟದಲ್ಲಿ ನನ್ನ ಎಲೆಗೆ ಅವರೇ ಎರಡನೆಯ ಹೋಳಿಗೆ ಬಡಿಸಿದರು. ಸಾವಿನ ಮನೆಯವರಿಗೆ ಬಡಿಸುವಷ್ಟು ಕರುಣೆ ಅವರ ಕೈಯಲ್ಲಿತ್ತು.

ಶಾಲೆ ಅಲ್ಲಿಗೆ ಮುಚ್ಚಿತೆಂದುಕೊಂಡೆ. ಮುಂದಿನ ಭಾನುವಾರ ನೋಡಿದರೆ ಐವರೂ ಬಂದು ಸಾಲು ನಿಂತಿದ್ದಾರೆ. ಪಾಠ ಮುಗಿದ ಮೇಲೆ ಸುಧಾ ಬಿಸಿಬೇಳೆಬಾತ್ ಬಡಿಸುತ್ತಾಳೆ. ಅದಕ್ಕೂ ಹಾಜರಾತಿಗೂ ಸಂಬಂಧವಿಲ್ಲವೆಂದೇ ನನ್ನ ನಂಬಿಕೆ. ಈಗ ನಾನು ಅವರಿಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕಲಿಸುತ್ತೇನೆ. ಪ್ರಗತಿ ಅದ್ಭುತ. ಕೊನೆಯ ಸೀಟಿಗೆ ತಿರುಗಿದರೆ ಐವರದೂ ಎಡ ಎಡದಲ್ಲಿ, ಬಲ ಬಲದಲ್ಲಿ, ನಿರಿಗೆ ಅಳತೆಪಟ್ಟಿ ಇಟ್ಟು ಮಡಿಸಿದಂತೆ. ಮೋಹನನಿಗಂತೂ ಒಂದು ಡೌಟೂ ಉಳಿದಿಲ್ಲ. ಒಮ್ಮೆ ಮಾತ್ರ ಬೆನ್ನ ಹಿಂದೆ ಪರ್ರ್ ಎಂಬ ಸದ್ದು ಕೇಳಿ ನಾನು ಅವಸರದಲ್ಲಿ ತಿರುಗಿಬಿಟ್ಟೆ. ಪ್ರಶಾಂತ ಒಂದು ಕಾಲೆತ್ತಿ ನಿಂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಮತ್ತೆ ಗೋಡೆಯ ಕಡೆ ತಿರುಗಿದೆ.

ಈಗೀಗ ತಿರುಗುವ ಮುನ್ನ ನಾನು ಒಮ್ಮೆ ಜೋರಾಗಿ ಕೆಮ್ಮುತ್ತೇನೆ.