ನನ್ನ ತಾಯಿಯ ಹೆಜ್ಜೆಯನ್ನು ಹಿಂದುಮುಂದು ಮಾಡಿದ ಡ್ರೈವರ್ ಮಹಾಶಯರಿಗೆ

ಮಾನ್ಯರೇ,

ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಪೆಟ್ಟಿಗೆಯಲ್ಲಿ ಡ್ರೈವರ್ ತಂತ್ರಾಂಶವೆಂಬ ಘನ ಹುದ್ದೆಯಲ್ಲಿರುವ ತಮಗೆ, ಕುಮಾಸಿ ಪಟ್ಟಣದ ಬಾಂತಾಮಾ ಬಡಾವಣೆಯಿಂದ, ಮನೆತನದ ಹಿರಿಯಳಾದ ಅಫುವಾ ಪೊಕುವಾಳ ವಂದನೆಗಳು. ಇಲ್ಲಿ ಕರೆಂಟು ಹೋಗುವಷ್ಟು ಸಲ ತಮ್ಮಲ್ಲಿ ಹೋಗದಿರಲಿ.

ಊರನ್ನಾಳುವ ಒಡೆಯರ ಮನೆಯ ಸಾವಿನ ಸಭೆಯಲ್ಲಿ ನನ್ನ ತಾಯಿ ಅಡೋವಾ ಕುಣಿದ ಕ್ಯಾಸೆಟ್ಟು ಒಂದೇ ಒಂದಿತ್ತು. ಅಡೋವಾದಲ್ಲಿ ಬಾಯಿ ಸುಮ್ಮನಿರುತ್ತದೆ, ಕೈ ಮಾತಾಡುತ್ತದೆ. ಬರುವ ಶನಿವಾರ ತಾಯಿಯ ವರ್ಷದ ಕರ್ಮ. ಅದೇ ಕುಣಿತವನ್ನು ನನ್ನ ಮೊಮ್ಮಗಳು ಬಿರಾಗೊ ಈಗಿನ ಒಡೆಯರ ಮುಂದೆ ಕುಣಿಯಬೇಕು. ಕಲಿಸಲು ನನ್ನ ಮೊಣಕಾಲು ಒಪ್ಪದ್ದರಿಂದ, ಅವಳು ನೋಡಿ ಕಲಿಯಲೆಂದು ಕ್ಯಾಸೆಟ್ಟನ್ನು ತಮ್ಮ ಕೈಗೆ ನಂಬಿ ಕೊಟ್ಟೆವು.

ಕ್ಯಾಸೆಟ್ಟು ಪ್ರತಿ ಚಿತ್ರವನ್ನೂ ಎರಡು ಅರ್ಧಗಳಾಗಿ ಕಳಿಸುತ್ತದಂತೆ: ಮೊದಲು ಒಂದು ಬಿಟ್ಟು ಒಂದು ಗೆರೆ, ಕಣ್ಣು ಮಿಟುಕಿಸುವುದರೊಳಗೆ ಬಿಟ್ಟುಹೋದ ಗೆರೆಗಳು. ಅಷ್ಟರಲ್ಲಿ ಕುಣಿಯುವವಳು ಕೂದಲೆಳೆಯಷ್ಟು ಮುಂದೆ ಸಾಗಿರುತ್ತಾಳೆ. ಯಾವ ಅರ್ಧ ಮೊದಲು ಬಂತೆಂದು ನಿಜ ಹೇಳಿ ಮುಂದಕ್ಕೆ ದಾಟಿಸುವುದಷ್ಟೇ ತಮ್ಮ ಕೆಲಸ. ತಾವೋ, ಆಮೇಲೆ ಬಂದದ್ದನ್ನೇ ಮೊದಲನೆಯದೆಂದು ಸಾರಿದಿರಿ. ಕಾಲವನ್ನೇ ತಿರುಗಿಸುವ ಈ ಅಧಿಕಾರ ನಮ್ಮ ಯಾವ ಒಡೆಯರಿಗೂ ಒಲಿದಿರಲಿಲ್ಲ, ಅಭಿನಂದನೆಗಳು.

ಈಗ ಪರದೆಯ ಮೇಲೆ ನನ್ನ ತಾಯಿ ಹೆಜ್ಜೆ ಇಟ್ಟು ಹಿಂದೆಗೆಯುತ್ತಾಳೆ, ಮತ್ತೆ ಇಟ್ಟು ಮತ್ತೆ ಹಿಂದೆಗೆಯುತ್ತಾಳೆ. ಚಾಚಿದ ಕೈ ಗಡಗಡ ನಡುಗುತ್ತದೆ. ಮೊದಲ ಸಲ ಹಾಕಿದಾಗ ನೋಡಲು ಅಂಗಳ ತುಂಬ ಜನ. ಆಚೆಮನೆಯ ಅಕ್ಯಾ ಎಲ್ಲರಿಗೂ ಕೇಳುವಂತೆ, “ಏನಕ್ಕಾ, ನಿಮ್ಮವ್ವ ಕುಣೀತಿದ್ಳೋ, ಕಾಲಿಗೆ ಕೆಂಜಿಗ ಹತ್ತಿತ್ತೋ?” ಎಂದಳು. ಇಪ್ಪತ್ತು ವರ್ಷದಿಂದ ಅವಳು ಹುಡುಕುತ್ತಿದ್ದ ಮಾತನ್ನು ತಾವು ಒದಗಿಸಿಕೊಟ್ಟಿರಿ.

ಕ್ಯಾಸೆಟ್ಟೋ, ತಮಗೆ ಎಲ್ಲವನ್ನೂ ಒಪ್ಪಿಸಿದ ಧನ್ಯತೆಯಲ್ಲೇ ಯಂತ್ರದೊಳಗೆ ನುಜ್ಜುಗುಜ್ಜಾಯಿತು. ಇನ್ನು ನನ್ನ ತಾಯಿ ಇರುವುದು ತಮ್ಮ ವಶದಲ್ಲಿ ಮಾತ್ರ. ತಮ್ಮ ಪೆಟ್ಟಿಗೆ ಇಟ್ಟುಕೊಂಡಿರುವ ಸ್ಟುಡಿಯೊದ ಬೋಬಿ, “ಒಂದರ್ಧ ಬಿಸಾಕ್ಬಿಡೋಣಮ್ಮಾ, ನಡುಕ ನಿಂತೋಗತ್ತೆ, ಯಾರ್ಗೆ ಗೊತ್ತಾಗತ್ತೆ?” ಎಂದ. “ನಂಗ್ ಗೊತ್ತಾಗತ್ತೆ ಕಣಯ್ಯಾ” ಎಂದೆ. ಮಣಿಕಟ್ಟು ತಿರುಗಲು ತೊಡಗುವುದು ಒಂದರ್ಧದಲ್ಲಿ, ತಿರುಗಿ ನಿಲ್ಲುವುದು ಇನ್ನೊಂದರಲ್ಲಿ. ಅರ್ಧ ಬಿಸಾಡಿಸಿಕೊಳ್ಳುವ ಹೆಂಗಸಲ್ಲ ನನ್ನ ತಾಯಿ.

ಆದಕಾರಣ ಎರಡೂ ಅರ್ಧಗಳನ್ನು ಬಂದ ಸರದಿಯಲ್ಲೇ ಒಪ್ಪಿಸಬೇಕೆಂದು ಕೋರುತ್ತೇನೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ದಯವಿಟ್ಟು ಅವಳು ಕುಣಿದ ಆ ಮಧ್ಯಾಹ್ನಕ್ಕೇ ಹಿಂದಿರುಗಿ, ತಮ್ಮ ಸರದಿಗೆ ಹೊಂದುವಂತೆ ಕುಣಿಯಲು ನನ್ನ ತಾಯಿಗೇ ಹೇಳಿ. ಅವಳು ಚಪ್ಪಲಿ ಕಳಚುವುದು ಕಂಡರೆ ಅದು ಕುಣಿತದ ಭಾಗವೆಂದು ಭಾವಿಸಬೇಡಿ.

ಸದ್ಯಕ್ಕಂತೂ ತಮ್ಮ ವಿಶ್ವಾಸಿ,
ಅಫುವಾ ಪೊಕುವಾ

ಮರೆತ ಮಾತು: ಬಿರಾಗೊ ತಮ್ಮ ಪ್ರತಿಯನ್ನೇ ಫೋನಿನಲ್ಲಿ ನೋಡಿ ನೋಡಿ ಕಲಿತಿದ್ದಾಳೆ, ನಡುಕವನ್ನೂ ಸೇರಿಸಿ, ಬಹಳ ಶ್ರದ್ಧೆಯಿಂದ. ಒಡೆಯರ ಮುಂದೆ ಕುಣಿತ ಕೆಟ್ಟರೆ ನಮ್ಮ ಮನೆತನದಲ್ಲಿ ಕಲಿಸಿದವರು ಎದ್ದು, ಮದ್ಯದ ಬಾಟಲಿ ಮುಂದಿಟ್ಟು ತಪ್ಪೊಪ್ಪಿಕೊಳ್ಳಬೇಕು. ಗುರು ಯಾರೆಂದು ಕೇಳಿದರೆ ತಮ್ಮ ಹೆಸರು ಹೇಳಲು ಅವಳಿಗೆ ತಿಳಿಸಿದ್ದೇನೆ. ಶನಿವಾರ ಅಕ್ಯಾಳ ಪಕ್ಕದಲ್ಲೇ ತಮಗೊಂದು ಕುರ್ಚಿ ಇರುತ್ತದೆ; ಬಾಟಲಿ ತಾವೇ ತನ್ನಿ.